ಬುಡಕ್ಕೆ ಸುರಿದ ಔಷಧದಿಂದ ಬೇರಿನ ಶಿಲೀಂಧ್ರ ಸಾಯುತ್ತದೆಯೇ?

ಪ್ರಶ್ನೆ: ನಮ್ಮದು ಸವಣೂರು ತಾಲ್ಲೂಕು. ನಾಲ್ಕು ಎಕರೆ ಹೊಲದಲ್ಲಿ ಮೂರು ಎಕರೆ ಎರೆ (ಕಪ್ಪು ಮಣ್ಣು), ಒಂದು ಎಕರೆ ಮಸಾರಿ (ಕೆಂಪು ಮಣ್ಣು). ಅಪ್ಪನ ಕಾಲದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿಯನ್ನು ಕೂಡಿಸಿ ಬೆಳೆಯುತ್ತಿದ್ದೆವು. ನಾಲ್ಕೈದು ವರ್ಷ ಬರೀ ಗೋವಿನಜೋಳ ಹಾಕಿ, ಈ ಮುಂಗಾರಿಗೆ ಎರಡು ಎಕರೆ ಎರೆಯಲ್ಲಿ ಮತ್ತೆ ಬ್ಯಾಡಗಿ ಮೆಣಸಿನಕಾಯಿ ಮತ್ತು ಉಳ್ಳಾಗಡ್ಡಿ ಹಾಕಿದ್ದೇನೆ. ಗೊಣ್ಣೆ ಹುಳುವಿಗೆಂದು ನಾಟಿಗೆ ಮೊದಲು ಹರಳು ಔಷಧ ಹಾಕಿದೆ. ಸೊರಗು ರೋಗ ಬಾರದಿರಲೆಂದು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕವನ್ನು ನೀರಿನಲ್ಲಿ ಕಲಸಿ ಎರಡು ಸಲ ಬುಡಕ್ಕೆ ಸುರಿದೆ. ಅದರ ನಡುವೆ ಅಂಗಡಿಯಲ್ಲಿ ಕೊಟ್ಟ ಮೈಕೋರೈಜಾ ಪುಡಿಯನ್ನೂ ಹಾಕಿದೆ. ಎಕರೆಗೆ ಎರಡು ಚೀಲ ಡಿಎಪಿ ಗೊಬ್ಬರ ಕೊಟ್ಟಿದ್ದೇನೆ. ನಾಟಿ ಮಾಡಿ ಎರಡು ತಿಂಗಳಾಯಿತು, ಗಿಡ ಮೇಲೇಳುತ್ತಿಲ್ಲ. ಕೆಳಗಿನ ಎಲೆ ನೇರಳೆ ಬಣ್ಣಕ್ಕೆ ತಿರುಗಿದೆ, ಮೇಲಿನ ಎಲೆ ಸಣ್ಣದಾಗಿದೆ. ಔಷಧ ಹಾಕಿ ಭೂಮಿಯನ್ನು ಕೊಂದಿದ್ದೀಯ ಎಂದು ಪಕ್ಕದ ಹೊಲದವರು ಹೇಳುತ್ತಾರೆ. ಔಷಧಕ್ಕೂ ಬೆಳವಣಿಗೆಗೂ ಸಂಬಂಧವೇ ಇಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಉಳಿದ ಒಂದು ಎಕರೆ ಎರೆಯಲ್ಲಿ ಗೋವಿನಜೋಳವಿದೆ, ಅದರ ಬಳಿಕ ಕಡಲೆ ಹಾಕಬೇಕೆಂದಿದ್ದೇನೆ. ಕಳೆದ ವರ್ಷ ಹಾಗೆಯೇ ಹಾಕಿದಾಗ ಕಡಲೆಯ ಎಲೆ ಅಂಚಿನಿಂದ ಸುಟ್ಟು ಎಷ್ಟೋ ಸಸಿ ಸತ್ತವು. ಯಾರ ಮಾತು ನಂಬಲಿ? (ಹೆಸರು ಬೇಡ)

ಉತ್ತರ: ಪಕ್ಕದ ಹೊಲದವರ ಮಾತಿನಲ್ಲಿ ಅರ್ಧ ನಿಜವಿದೆ, ಅಂಗಡಿಯವರ ಮಾತಿನಲ್ಲಿ ಅಷ್ಟೂ ಇಲ್ಲ. ನಿಮ್ಮ ಭೂಮಿ ಸತ್ತಿಲ್ಲ, ಆ ಭಯವನ್ನು ಮೊದಲು ಬಿಡಿ. ಆದರೆ ನೀವು ಹಾಕಿದ ಒಂದೊಂದು ವಸ್ತುವೂ ಮಣ್ಣಿನಲ್ಲಿ ಒಂದೊಂದು ರೀತಿ ವರ್ತಿಸುತ್ತದೆ. ಎಲ್ಲವನ್ನೂ ‘ಔಷಧ’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಈ ಜಗಳ ತೀರುವುದಿಲ್ಲ. ಬೇರಿಗೆ ಆಹಾರ ತಂದುಕೊಡುವ ಉಪಕಾರಿ ಶಿಲೀಂಧ್ರದ, ಅಂದರೆ ಮೈಕೋರೈಜಾದ ಮಟ್ಟಿಗೆ ಹೇಳುವುದಾದರೆ, ನೀವು ಅನುಮಾನಿಸುತ್ತಿರುವ ಹರಳು ಔಷಧಕ್ಕಿಂತ ಬುಡಕ್ಕೆ ಸುರಿದ ಕಾರ್ಬೆಂಡಜಿಮ್ ಮತ್ತು ಎರಡು ಚೀಲ ಡಿಎಪಿ ಹೆಚ್ಚು ಪೆಟ್ಟು ಕೊಟ್ಟಿರುವ ಸಂಭವ ಇದೆ. ಕಡಲೆಯ ಕತೆ ಇವೆಲ್ಲಕ್ಕಿಂತ ಬೇರೆ, ಅದಕ್ಕೆ ಕಾರಣ ಕಳೆನಾಶಕ.

ಯಾರನ್ನೂ ದೂರುವ ಮೊದಲು ಬೇರನ್ನು ನೋಡಿ. ಗಿಡವನ್ನು ಕೈಯಿಂದ ಕಿತ್ತರೆ ಸಣ್ಣ ಬೇರುಗಳೆಲ್ಲ ಮಣ್ಣಿನಲ್ಲೇ ಉಳಿದುಬಿಡುತ್ತವೆ. ಸುತ್ತ ಒಂದು ಗೇಣು ಬಿಟ್ಟು ಗುದ್ದಲಿ ಹಾಕಿ, ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಯಲು ಬಿಡಿ. ಮಣ್ಣು ತಾನಾಗಿ ಬಿಟ್ಟುಕೊಂಡ ಮೇಲೆ ಮೆಲ್ಲಗೆ ಅಲುಗಾಡಿಸಿ ತೊಳೆಯಿರಿ. ಕುಂಠಿತವಾದ ನಾಲ್ಕೈದು ಗಿಡ, ಅದೇ ಹೊಲದಲ್ಲಿ ಚೆನ್ನಾಗಿ ಎದ್ದಿರುವ ನಾಲ್ಕೈದು ಗಿಡ, ಎರಡನ್ನೂ ಚೀಲದ ಮೇಲೆ ಪಕ್ಕಪಕ್ಕ ಹರಡಿ. ಬೇರಿನಲ್ಲಿ ಗಂಟುಗಳಿದ್ದರೆ ಅದು ಜಂತುಹುಳು (ನೆಮಟೋಡ್). ತುದಿಬೇರುಗಳನ್ನು ಕಡಿದಂತೆ ಕಂಡರೆ ಗೊಣ್ಣೆ ಹುಳು. ಕಾಂಡವನ್ನು ಬುಡದಲ್ಲಿ ಉದ್ದಕ್ಕೆ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಫ್ಯುಸೇರಿಯಂ ಎಂಬ ಶಿಲೀಂಧ್ರ ತರುವ ಸೊರಗು ರೋಗ. ಎಲೆ ಅಂಚು ಮೇಲ್ಮುಖವಾಗಿ ಮುದುಡಿದ್ದರೆ ಥ್ರಿಪ್ಸ್, ಕೆಳಮುಖವಾಗಿ ಮುದುಡಿದ್ದರೆ ಮೈಟ್ ನುಸಿ. ಆಗ ಕಾರಣ ಮಣ್ಣಿನಲ್ಲಿಲ್ಲ, ಎಲೆಯ ಮೇಲಿದೆ. ಇವು ಯಾವುವೂ ಕಾಣದೆ ಬೇರು ಬೆಳ್ಳಗಿದ್ದು, ಗಿಡ ಮಾತ್ರ ಗಿಡ್ಡವಾಗಿ, ಹಳೆಯ ಎಲೆ ನೇರಳೆಯಾಗಿ, ಚಿಗುರೆಲೆ ಸಣ್ಣದಾಗಿದ್ದರೆ ಗಿಡಕ್ಕೆ ರಂಜಕ ಮತ್ತು ಸತು ಸಿಗುತ್ತಿಲ್ಲ ಎಂದು ಅರ್ಥ. ನಿಮ್ಮ ವಿವರಣೆ ಈ ಕೊನೆಯದಕ್ಕೇ ಹೆಚ್ಚು ಹೊಂದುತ್ತದೆ.

ಎರಡು ಚೀಲ ಡಿಎಪಿ ಹಾಕಿದ ಹೊಲದಲ್ಲಿ ರಂಜಕದ ಕೊರತೆಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಸಿಗಬೇಕಾದರೆ ಬೇರಿನೊಳಗಿನ ಶಿಲೀಂಧ್ರ ಏನು ಮಾಡುತ್ತದೆ ಎಂದು ತಿಳಿಯಬೇಕು.

ನಮ್ಮ ಎರೆ ಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚು, ರಸಸಾರ (ಪಿಎಚ್) ಬಹುತೇಕ ಕಡೆ 8ರ ಮೇಲೆಯೇ ಇರುತ್ತದೆ. ಹಾಕಿದ ರಂಜಕ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತದೆ, ನೀರಿನೊಂದಿಗೆ ಹರಿದು ಬೇರಿನ ಬಳಿ ಬರುವುದಿಲ್ಲ. ಬೇರು ತನ್ನ ಸುತ್ತ ಒಂದೆರಡು ಮಿಲಿಮೀಟರ್ ಒಳಗಿರುವ ರಂಜಕವನ್ನು ಕೆಲವೇ ದಿನಗಳಲ್ಲಿ ಹೀರಿ ಮುಗಿಸುತ್ತದೆ. ಅಲ್ಲಿಂದ ಮುಂದೆ ಗೊಬ್ಬರವಿದ್ದರೂ ಬೇರಿಗೆ ಎಟುಕುವುದಿಲ್ಲ. ಆ ಬರಿದಾದ ವಲಯವನ್ನು ದಾಟಿ, ಕೆಲವು ಸೆಂಟಿಮೀಟರ್ ಆಚೆ ಹೋಗಿ ರಂಜಕ ಮತ್ತು ಸತುವನ್ನು ಹೊತ್ತು ತರುವುದು ಮೈಕೋರೈಜಾ ಶಿಲೀಂಧ್ರದ ಎಳೆಗಳು. ಹಳೆಯ ರೈತರು ಮತ್ತು ಕೃಷಿ ಇಲಾಖೆಯವರು ಇದನ್ನು ವ್ಯಾಮ್ ಎಂದು ಕರೆಯುತ್ತಾರೆ. ಈ ಎಳೆಗಳ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಬೇರಿನ ರೋಮ ಹೋಗಲಾಗದ ಸಂದಿಯಲ್ಲೂ ಇವು ನುಸುಳುತ್ತವೆ. ಇದಕ್ಕೆ ಪ್ರತಿಯಾಗಿ ಗಿಡ ತಾನು ಬಿಸಿಲಿನಲ್ಲಿ ಮಾಡಿದ ಆಹಾರದಲ್ಲಿ ಶೇ 4ರಿಂದ 20ರಷ್ಟನ್ನು ಶಿಲೀಂಧ್ರಕ್ಕೆ ಕೊಡುತ್ತದೆ. ಈ ಒಪ್ಪಂದ ಬಹಳ ಹಳೆಯದು: ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ, ಸುಮಾರು 40 ಕೋಟಿ ವರ್ಷ ಹಿಂದಿನ ಸಸ್ಯಗಳ ಪಳೆಯುಳಿಕೆಯಲ್ಲೂ ಇಂಥದೇ ಶಿಲೀಂಧ್ರದ ಗುರುತು ಇದೆ. ಜರ್ಮನಿಯ ವಿಜ್ಞಾನಿ ಆಲ್ಬರ್ಟ್ ಫ್ರಾಂಕ್ 1885ರಲ್ಲಿ ಇದಕ್ಕೆ ಮೈಕೋರೈಜಾ ಎಂದು ಹೆಸರಿಟ್ಟರು.

ಬರಿಗಣ್ಣಿಗೆ ಇದು ಕಾಣುವುದಿಲ್ಲ. ಪ್ರಯೋಗಾಲಯದಲ್ಲಿ ಉಳ್ಳಾಗಡ್ಡಿಯ ಬೇರನ್ನು ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕಾಯಿಸಿ, ಒಳಗಿನದೆಲ್ಲ ತಿಳಿಯಾದ ಮೇಲೆ ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇವೆ. ಆರೋಗ್ಯದ ಬೇರಾದರೆ ಉದ್ದಕ್ಕೂ ನೀಲಿ ಎಳೆಗಳು ಓಡಿರುತ್ತವೆ. ಅಲ್ಲಲ್ಲಿ ಗುಂಡನೆಯ ಎಣ್ಣೆಕೋಶಗಳು. ಕೋಶ ಕೋಶದೊಳಗೂ ಪುಟ್ಟ ಮರವೊಂದು ಕವಲೊಡೆದಂಥ ರಚನೆ. ಕೊಡುಕೊಳ್ಳುವಿಕೆ ನಡೆಯುವುದು ಆ ಪುಟ್ಟ ಕವಲುಗಳಲ್ಲಿಯೇ. ಒಂದೊಂದು ಕವಲಿನ ಆಯುಸ್ಸು ಕೆಲವು ದಿನ ಮಾತ್ರ. ಹಳೆಯದು ಕರಗುತ್ತದೆ, ಹೊಸ ಕೋಶದಲ್ಲಿ ಹೊಸದು ಹುಟ್ಟುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಕಾರ್ಬೆಂಡಜಿಮ್ ಏಕೆ ಅಷ್ಟು ಕೆಟ್ಟದ್ದು ಮಾಡುತ್ತದೆ ಎಂಬುದು ಇದರಲ್ಲೇ ಇದೆ.

ನಿಮ್ಮ ಎರಡು ಬೆಳೆಗಳೂ ಈ ಶಿಲೀಂಧ್ರವನ್ನು ಬಹಳ ನೆಚ್ಚಿಕೊಂಡಿರುವ ಬೆಳೆಗಳು. ಉಳ್ಳಾಗಡ್ಡಿಯ ಬೇರು ದಪ್ಪ, ಕವಲು ಕಡಿಮೆ, ರೋಮ ಇಲ್ಲವೆಂದೇ ಹೇಳಬೇಕು. ಶಿಲೀಂಧ್ರ ಜೊತೆಗಿಲ್ಲದಿದ್ದರೆ ಅದು ಮಣ್ಣಿನಲ್ಲಿ ಹುಡುಕಾಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮೆಣಸಿನಕಾಯಿಯ ವಿಷಯದಲ್ಲಿ ನಮ್ಮ ರಾಜ್ಯದ ವಿಜ್ಞಾನಿಗಳೇ ಒಳ್ಳೆಯ ಕೆಲಸ ಮಾಡಿದ್ದಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಭಾಗ್ಯರಾಜ್ ಮತ್ತು ಶ್ರೀರಾಮುಲು ಅವರು 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಸಿಮಡಿಯಲ್ಲೇ ವ್ಯಾಮ್ ಕೊಟ್ಟು ಹೊಲಕ್ಕೆ ನಾಟಿ ಮಾಡಿದ ಮೆಣಸಿನ ಗಿಡ ಹೆಚ್ಚು ಬೆಳೆದು ಹೆಚ್ಚು ಇಳುವರಿ ಕೊಟ್ಟಿತು, ರಂಜಕದ ಗೊಬ್ಬರವೂ ಉಳಿಯಿತು. 1986ರಲ್ಲಿ ಅವರು ಕಪ್ಪು ಜಿಗುಟು ಮಣ್ಣಿನಲ್ಲಿ ಮೆಣಸಿನಕಾಯಿಯ ಮೇಲೆ ಮಾಡಿದ ಪ್ರಯೋಗವನ್ನೂ ಪ್ರಕಟಿಸಿದರು. ನಾಲ್ಕು ದಶಕ ಕಳೆದರೂ ಈ ತಿಳಿವಳಿಕೆ ನಮ್ಮ ಹಳ್ಳಿಗಳ ಸಸಿಮಡಿಗಳನ್ನು ತಲುಪಿಲ್ಲ. ಈ ಸಂಕಟ ನನ್ನನ್ನು ಬಿಟ್ಟಿಲ್ಲ.

ಈಗ ಕಾರ್ಬೆಂಡಜಿಮ್. ಇದು ಶಿಲೀಂಧ್ರದ ಕೋಶಗಳು ಒಡೆದು ಎರಡಾಗುವ ಕ್ರಿಯೆಯನ್ನೇ ತಡೆಯುತ್ತದೆ. ರೋಗ ತರುವ ಶಿಲೀಂಧ್ರ ಯಾವುದು, ಉಪಕಾರಿ ಯಾವುದು ಎಂದು ಅದಕ್ಕೆ ಭೇದವಿಲ್ಲ. ದಿನದಿನವೂ ಹೊಸ ಕವಲು ಕಟ್ಟುತ್ತಲೇ ಬದುಕಬೇಕಾದ ಮೈಕೋರೈಜಾಕ್ಕೆ ಕಟ್ಟುವ ಕೆಲಸವೇ ನಿಂತರೆ ಬೇರಿನೊಳಗೆ ಅದರ ಕೊಡುಕೊಳ್ಳುವಿಕೆ ನಿಲ್ಲುತ್ತದೆ. ಇದೆಷ್ಟು ಖಚಿತ ಎಂದರೆ, ಪರಿಸರ ವಿಜ್ಞಾನಿಗಳು ಹುಲ್ಲುಗಾವಲಿನಲ್ಲಿ ‘ಮೈಕೋರೈಜಾ ಇಲ್ಲದ ತಾಕು’ ಬೇಕಾದಾಗ ಬೇಕೆಂತಲೇ ಬೆನೊಮಿಲ್ ಎಂಬ ಔಷಧವನ್ನು ಮಣ್ಣಿಗೆ ಹಾಕುತ್ತಿದ್ದರು. ಬೆನೊಮಿಲ್ ಮಣ್ಣಿಗೆ ಬಿದ್ದ ಮೇಲೆ ಆಗುವುದು ಕಾರ್ಬೆಂಡಜಿಮ್ಮೇ. ಅವರು ಪ್ರಯೋಗಕ್ಕೆಂದು ಮಾಡಿದ್ದನ್ನು ನಾವು ಮುನ್ನೆಚ್ಚರಿಕೆ ಎಂದುಕೊಂಡು ಹೊಲದಲ್ಲಿ ಮಾಡುತ್ತಿದ್ದೇವೆ. ಮಣ್ಣಿನಲ್ಲಿ ಇದು ಬೇಗ ಕರಗಿ ಹೋಗುವ ಔಷಧವಲ್ಲ, ವಾರಗಳಿಂದ ತಿಂಗಳುಗಳವರೆಗೂ ಉಳಿಯುತ್ತದೆ. ನೀವು ಎರಡು ಸುರಿತದ ನಡುವೆ ಮೈಕೋರೈಜಾ ಪುಡಿ ಹಾಕಿದ್ದೀರಿ. ಆ ಪುಡಿಯ ಹಣ ನೀರಿಗೆ ಹೋಯಿತು ಎಂದೇ ತಿಳಿಯಿರಿ. ರೋಗ ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ ಹಾಕಿದ್ದರೂ ಅದೇ ಗತಿ, ಏಕೆಂದರೆ ಕಾರ್ಬೆಂಡಜಿಮ್ ಅದನ್ನೂ ಕೊಲ್ಲುತ್ತದೆ. ಒಂದೇ ಅಂಗಡಿಯಿಂದ ಒಂದೇ ದಿನ ಎರಡನ್ನೂ ಕೊಟ್ಟು ಕಳಿಸುವುದು ತಪ್ಪು. ಮಾರುವವರಿಗೆ ಇದು ಗೊತ್ತಿರಲೇಬೇಕು.

ಹಾಗೆಂದು ಎಲ್ಲ ಶಿಲೀಂಧ್ರನಾಶಕಗಳೂ ಒಂದೇ ಅಲ್ಲ. ಮೆಟಲಾಕ್ಸಿಲ್ ಕೆಲಸ ಮಾಡುವುದು ಸಸಿ ಸಾಯಿಸುವ ಪಿಥಿಯಂ, ಬುಡ ಕೊಳೆಸುವ ಫೈಟಾಫ್ತೊರಾದಂಥ ಬೇರೆಯೇ ಕುಲದ ಜೀವಿಗಳ ಮೇಲೆ. ಮೈಕೋರೈಜಾಕ್ಕೆ ಅದರಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಆದರೆ ಫ್ಯುಸೇರಿಯಂ ಸೊರಗಿಗೆ ಅದು ನಾಟುವುದೇ ಇಲ್ಲ. ಪ್ರೊಪಿಕೊನಜೋಲ್ ಮೊದಲಾದ ಅಜೋಲ್ ಗುಂಪಿನವು ಮತ್ತು ಅಜಾಕ್ಸಿಸ್ಟ್ರೋಬಿನ್ ಮಣ್ಣಿಗೆ ಬಿದ್ದರೆ ಹಾನಿ ಮಾಡುತ್ತವೆ. ಇಲ್ಲಿ ‘ಮಣ್ಣಿಗೆ ಬಿದ್ದರೆ’ ಎಂಬುದು ಮುಖ್ಯ. ಎಲೆಗೆ ಸಿಂಪಡಿಸಿದ ಅಂತರ್ವ್ಯಾಪಿ ಔಷಧಗಳಲ್ಲಿ ಹೆಚ್ಚಿನವು ಗಿಡದೊಳಗೆ ಮೇಲ್ಮುಖವಾಗಿ ಚಲಿಸುತ್ತವೆ, ಬೇರಿಗೆ ಇಳಿಯುವುದು ಬಹಳ ಕಡಿಮೆ. ಉಳ್ಳಾಗಡ್ಡಿಯ ನೇರಳೆ ಮಚ್ಚೆ ರೋಗಕ್ಕೆ ಹೇಳಿದ ಪ್ರಮಾಣದಲ್ಲಿ ಎಲೆಗೆ ಸಿಂಪಡಿಸಿದ್ದಕ್ಕೆ ನೀವು ಕೊರಗಬೇಕಾಗಿಲ್ಲ. ಬೀಜೋಪಚಾರವೂ ಹಾಗೆಯೇ. ಕಿಲೋ ಬೀಜಕ್ಕೆ ಎರಡು ಮೂರು ಗ್ರಾಂ ಹಚ್ಚುವುದಕ್ಕೂ, ಹೊಲದ ಪ್ರತಿ ಗಿಡದ ಬುಡಕ್ಕೆ ಲೋಟಗಟ್ಟಲೆ ಸುರಿಯುವುದಕ್ಕೂ ಹೋಲಿಕೆಯೇ ಇಲ್ಲ.

ಇನ್ನೊಂದು ಮಾತು. ಫ್ಯುಸೇರಿಯಂ ಹೊಕ್ಕು ಬಾಡಿದ ಗಿಡವನ್ನು ಬುಡಕ್ಕೆ ಔಷಧ ಸುರಿದು ಬದುಕಿಸಲು ಆಗುವುದು ಅಪರೂಪ. ಬಾಡದ ಗಿಡಕ್ಕೆ ಬಾಡದಿರಲೆಂದು ಸುರಿದರೆ ಹೋಗುವುದು ಮೈಕೋರೈಜಾ. ಬಾಡಿದ ಗಿಡವನ್ನು ಬೇರುಸಹಿತ ತೆಗೆದು ಸುಟ್ಟು, ನೀರು ನಿಲ್ಲದಂತೆ ಕಾಲುವೆ ಎಳೆದು, ಟ್ರೈಕೋಡರ್ಮಾ ಕೂಡಿಸಿದ ಕೊಟ್ಟಿಗೆ ಗೊಬ್ಬರವನ್ನು ಸುತ್ತಲಿನ ಗಿಡಗಳಿಗೆ ಕೊಡುವುದೇ ಸರಿಯಾದ ದಾರಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹೊರದೇಶದ ಅನುಭವವೂ ಇದನ್ನೇ ಹೇಳುತ್ತದೆ. 2022ರಲ್ಲಿ ಪ್ರಕಟವಾದ, ಯುರೋಪಿನ ಹಲವು ದೇಶಗಳ ಹೊಲ ಮತ್ತು ಹುಲ್ಲುಗಾವಲುಗಳ ಮಣ್ಣನ್ನು ಹೋಲಿಸಿದ ಅಧ್ಯಯನದಲ್ಲಿ, ಶಿಲೀಂಧ್ರ ಎಳೆಗಳು ಗಿಡಕ್ಕೆ ರಂಜಕ ತಂದುಕೊಡುವ ಸಾಮರ್ಥ್ಯ ಹೊಲಗಳಲ್ಲಿ ಕಡಿಮೆ ಇತ್ತು; ಶಿಲೀಂಧ್ರನಾಶಕದ ಬಳಕೆಯೊಂದಿಗೆ ಅದಕ್ಕೆ ನೇರ ನಂಟು ಕಂಡಿತು. ಸ್ವಿಟ್ಜರ್ಲೆಂಡಿನಲ್ಲಿ 100 ಹೊಲಗಳ ಮಣ್ಣು ಪರೀಕ್ಷಿಸಿದಾಗ, ಇಪ್ಪತ್ತು ವರ್ಷಗಳಿಂದ ಸಾವಯವವಾಗಿದ್ದ ಹೊಲಗಳಲ್ಲೂ ಹಳೆಯ ಔಷಧಗಳ ಶೇಷ ಸಿಕ್ಕಿತು. ಇದಕ್ಕಿಂತಲೂ ಹಳೆಯ ಪಾಠ ಅಮೆರಿಕದ ಕಿತ್ತಳೆ-ನಿಂಬೆ ಸಸಿಮಡಿಗಳದು. ರೋಗಾಣು ಸಾಯಲೆಂದು ಮಣ್ಣಿಗೆ ಮೀಥೈಲ್ ಬ್ರೋಮೈಡ್ ಅನಿಲ ಬಿಟ್ಟರು. ರೋಗ ಹೋಯಿತು, ಆದರೆ ಸಸಿಗಳು ಗಿಡ್ಡವಾಗಿ, ರಂಜಕದ ಕೊರತೆಯಿಂದ ನಿಂತುಬಿಟ್ಟವು. ಔಷಧದ ವಿಷವೇ ಸಸಿಗೆ ತಗಲಿದೆ ಎಂದು ಮೊದಲು ಭಾವಿಸಿದ್ದರು. ನಿಜವಾದ ಕಾರಣ ಮೈಕೋರೈಜಾ ಸತ್ತದ್ದು ಎಂದು 1972ರಲ್ಲಿ ತೋರಿಸಿಕೊಟ್ಟರು; ಶಿಲೀಂಧ್ರವನ್ನು ಮರಳಿ ಕೊಟ್ಟ ಸಸಿಗಳು ಬೆಳೆದವು.

ಡಿಎಪಿಯ ವಿಷಯಕ್ಕೆ ಬರುತ್ತೇನೆ. ಎರಡು ಚೀಲ ಎಂದರೆ 100 ಕಿಲೋ, ಅದರಲ್ಲಿ 46 ಕಿಲೋ ರಂಜಕ. ಮಳೆ ನೆಚ್ಚಿದ ಮೆಣಸಿನಕಾಯಿಗೆ ಇದು ಬಹಳ ಹೆಚ್ಚು. ಗಿಡಕ್ಕೆ ಕೈಯಳತೆಯಲ್ಲೇ ರಂಜಕ ಸಿಕ್ಕರೆ ಅದು ಶಿಲೀಂಧ್ರಕ್ಕೆ ಆಹ್ವಾನ ಕಳಿಸುವುದನ್ನೇ ನಿಲ್ಲಿಸುತ್ತದೆ. ಬೇರು ಹೊರಗೆ ಬಿಡುವ ಸ್ಟ್ರೈಗೊಲ್ಯಾಕ್ಟೋನ್ ಎಂಬ ರಾಸಾಯನಿಕವೇ ಆ ಕರೆ. ರಂಜಕ ಹೆಚ್ಚಾದಾಗ ಅದು ಕಡಿಮೆಯಾಗುತ್ತದೆ. ನಾಟಿಯ ಮೊದಲ ವಾರಗಳಲ್ಲಿ ಶಿಲೀಂಧ್ರ ಸೇರಿಕೊಳ್ಳಲಿಲ್ಲ, ಆಮೇಲೆ ಹತ್ತಿರದ ರಂಜಕ ಮುಗಿಯಿತು, ಉಳಿದದ್ದು ಸುಣ್ಣದೊಂದಿಗೆ ಗಟ್ಟಿಯಾಯಿತು. ದೂರದ್ದನ್ನು ತರುವವರು ಯಾರೂ ಇಲ್ಲ. ಸತು ತರುವುದೂ ಅದೇ ಶಿಲೀಂಧ್ರವಾದ್ದರಿಂದ ಸತುವಿನ ಕೊರತೆಯೂ ಕಾಣಿಸಿತು. ಹೆಚ್ಚು ಡಿಎಪಿ ಹಾಕಿದ ಎರೆ ಹೊಲದಲ್ಲಿ ಎಲೆ ಸಣ್ಣದಾಗುವುದು ಇದರಿಂದಲೇ.

ಹರಳು ಔಷಧದ ಬಗ್ಗೆ ನನ್ನ ಸಿಟ್ಟು ಬೇರೆ ಕಾರಣಕ್ಕೆ. ಕೀಟನಾಶಕಗಳು ಹೇಳಿದ ಪ್ರಮಾಣದಲ್ಲಿದ್ದರೆ ಮೈಕೋರೈಜಾವನ್ನು ನೇರವಾಗಿ ಅಷ್ಟು ಕೆಡಿಸುವುದಿಲ್ಲ. ಕೆಲವು ಪ್ರಯೋಗಗಳಲ್ಲಿ ಕಾರ್ಬೊಫ್ಯುರಾನ್ ಎಂಬ ಹರಳು ಕೀಟನಾಶಕ ಹಾಕಿದ ಮಣ್ಣಿನಲ್ಲಿ ಅದು ಹೆಚ್ಚಿದ್ದೂ ಉಂಟು, ಶಿಲೀಂಧ್ರದ ಎಳೆ ಮೇಯುವ ಜಂತುಗಳು ಸತ್ತದ್ದು ಅದಕ್ಕೆ ಒಂದು ಕಾರಣವಿರಬಹುದು. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಅದೇ ಹರಳು ಎರೆಹುಳುವನ್ನೂ ಕೊಲ್ಲುತ್ತದೆ, ಮಣ್ಣಿನ ಮೇಲೆ ಉಳಿದ ಹರಳನ್ನು ಕಾಳೆಂದು ಹೆಕ್ಕಿದ ಹಕ್ಕಿಯನ್ನೂ ಕೊಲ್ಲುತ್ತದೆ. ನಿಮ್ಮ ಪಕ್ಕದಲ್ಲೇ ಬಂಕಾಪುರದ ನವಿಲುಧಾಮವಿದೆ. ಆ ಸೀಮೆಯ ಹೊಲಗಳಲ್ಲಿ ನವಿಲು ಮೇಯುವುದನ್ನು ನೀವೂ ನೋಡಿರುತ್ತೀರಿ. ಯಾವ ಹರಳು ಎಂದು ನೀವು ಬರೆದಿಲ್ಲ. ಫೋರೇಟ್ ಆಗಿದ್ದರೆ, ಅದನ್ನು ದೇಶದಲ್ಲಿ 31 ಡಿಸೆಂಬರ್ 2020ರಿಂದ ಪೂರ್ತಿ ನಿಷೇಧಿಸಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತ್ಯಂತ ಅಪಾಯಕಾರಿ ವಿಷಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಹಳೆಯ ಚೀಲ ಮನೆಯಲ್ಲಿದ್ದರೆ ಬಳಸಬೇಡಿ, ಮಕ್ಕಳ ಕೈಗೂ ದನಗಳ ಬಾಯಿಗೂ ಸಿಗದಂತೆ ಬೇರೆ ಇಟ್ಟು, ರೈತ ಸಂಪರ್ಕ ಕೇಂದ್ರದಲ್ಲಿ ತಿಳಿಸಿ.

ಗೊಣ್ಣೆ ಹುಳು ನಿಜವಾಗಿಯೂ ಇತ್ತೇ ಎಂಬುದನ್ನೂ ವಿಚಾರಿಸಬೇಕು. ತಿಪ್ಪೆಯಲ್ಲಿ ಕಾಣುವ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳನ್ನು ಕಂಡು ಹೆದರಿ ಹರಳು ಹಾಕುವವರು ಬಹಳ ಜನ. ಅವುಗಳಲ್ಲಿ ಹೆಚ್ಚಿನವು ಕೊಳೆತದ್ದನ್ನು ತಿನ್ನುವ ಕೊಂಬು ದುಂಬಿಯ ಮರಿಗಳು, ಬೆಳೆಯ ಬೇರಿಗೆ ಬರುವುದಿಲ್ಲ. ಬೇರು ತಿನ್ನುವ ಗೊಣ್ಣೆಯ ದುಂಬಿಗಳು ಮುಂಗಾರಿನ ಮೊದಲ ದೊಡ್ಡ ಮಳೆಗೆ ಸಂಜೆ ಹೊತ್ತು ಮಣ್ಣಿನಿಂದ ಎದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಆ ಕೆಲವು ಸಂಜೆ ಊರಿನವರೆಲ್ಲ ಸೇರಿ ಕೊಂಬೆ ಅಲುಗಿಸಿ ಆರಿಸಿ ಸೀಮೆಎಣ್ಣೆ ನೀರಿಗೆ ಹಾಕಿದರೆ, ಮಣ್ಣಿಗೆ ಹಾಕುವ ಹರಳಿನ ಅರ್ಧ ಅಗತ್ಯ ಅಲ್ಲೇ ತಪ್ಪುತ್ತದೆ. ಒಬ್ಬರೇ ಮಾಡಿದರೆ ಮಾತ್ರ ಉಪಯೋಗವಿಲ್ಲ. ಉಳಿದದ್ದಕ್ಕೆ ಮೆಟಾರೈಜಿಯಂ ಎಂಬ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಹಾಕಬಹುದು. ಅದೂ ಶಿಲೀಂಧ್ರವೇ, ಕಾರ್ಬೆಂಡಜಿಮ್ ಹತ್ತಿರ ಸುಳಿಯಬಾರದು.

ಇನ್ನು ಕಡಲೆ. ಎಲೆ ಅಂಚಿನಿಂದ ಸುಟ್ಟಿತು ಎಂದಿದ್ದೀರಿ. ಗೋವಿನಜೋಳದಲ್ಲಿ ಕಳೆಗೆ ಅಟ್ರಜಿನ್ ಹೊಡೆದಿರುತ್ತೀರಿ. ಈ ಕಳೆನಾಶಕ ಹುಳಿ ಮಣ್ಣಿನಲ್ಲಿ ಬೇಗ ಒಡೆಯುತ್ತದೆ, ಕ್ಷಾರದ ಎರೆ ಮಣ್ಣಿನಲ್ಲಿ ನಿಧಾನ. ಮಳೆ ಕಡಿಮೆಯಾಗಿ ಮಣ್ಣು ಒಣಗಿದರೆ ಇನ್ನೂ ನಿಧಾನ. ಗೋವಿನಜೋಳ ಅದನ್ನು ತನ್ನೊಳಗೇ ನಿರ್ವಿಷ ಮಾಡಿಕೊಳ್ಳುತ್ತದೆ, ಕಡಲೆಗೆ ಆ ಶಕ್ತಿಯಿಲ್ಲ. ಇದು ಶಿಲೀಂಧ್ರದ ಮಾತಲ್ಲ, ನೇರ ವಿಷದ ಮಾತು. ಹೊಲಕ್ಕೆ ಬೀಜ ಹಾಕುವ ಮೊದಲು ಕುಂಡದಲ್ಲಿ ಪರೀಕ್ಷೆ ಮಾಡಿ. ಹೊಲದ ಎಂಟು ಹತ್ತು ಕಡೆಯಿಂದ ಮೇಲಿನ ನಾಲ್ಕು ಬೆರಳಿನ ಮಣ್ಣು ತೆಗೆದು ಕಲಸಿ ಮೂರು ಕುಂಡ ತುಂಬಿ. ಔಷಧ ಬೀಳದ ಬದುವಿನ ಮಣ್ಣು ಇನ್ನು ಮೂರು ಕುಂಡಕ್ಕೆ. ಎರಡರಲ್ಲೂ ಹತ್ತು ಹತ್ತು ಕಡಲೆ, ಒಂದಿಷ್ಟು ಸವತೆ ಬೀಜ ಊರಿ. ಎಲ್ಲವೂ ಮೊಳೆತವೆಂದು ಸಮಾಧಾನಪಡಬೇಡಿ. ಅಟ್ರಜಿನ್ ಮೊಳಕೆಯನ್ನು ತಡೆಯುವುದಿಲ್ಲ. ಬೀಜದಲ್ಲಿದ್ದ ಆಹಾರ ತೀರಿ ಎಲೆ ತಾನೇ ಆಹಾರ ಮಾಡಲು ತೊಡಗಿದಾಗ ಅದರ ಪೆಟ್ಟು ಕಾಣುತ್ತದೆ. ಮೂರು ವಾರ ನೋಡಿ. ಹೊಲದ ಮಣ್ಣಿನ ಕುಂಡದಲ್ಲಿ ಮಾತ್ರ ಕೆಳಗಿನ ಎಲೆಯ ಅಂಚು ಹಳದಿಯಾಗಿ ಒಣಗಿದರೆ ಈ ಹಿಂಗಾರಿಗೆ ಅಲ್ಲಿ ಕಡಲೆ ಬೇಡ, ಬಿಳಿಜೋಳ ಬಿತ್ತಿ. ಜೋಳ ಅಟ್ರಜಿನ್ ತಾಳುತ್ತದೆ, ಮೈಕೋರೈಜಾವನ್ನೂ ಚೆನ್ನಾಗಿ ಸಾಕುತ್ತದೆ.

ಸಾಕುತ್ತದೆ ಎಂದೆ. ಈ ಶಿಲೀಂಧ್ರ ಜೀವಂತ ಬೇರಿಲ್ಲದೆ ಬೆಳೆಯಲಾರದು, ಸಕ್ಕರೆ ನೀರಿನಲ್ಲಿ ಡ್ರಮ್ಮುಗಟ್ಟಲೆ ಬೆಳೆಸಲು ಬರುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ನಮ್ಮದರಂಥ ಕಪ್ಪು ಬಿರುಕು ಮಣ್ಣಿನ ಸೀಮೆಯಿದೆ. ಅಲ್ಲಿ ವರ್ಷಕ್ಕೂ ಮೇಲ್ಪಟ್ಟು ಬೀಳು ಬಿಟ್ಟು ಚೆನ್ನಾಗಿ ತೇವ ಕೂಡಿಟ್ಟ ಹೊಲದಲ್ಲಿ ಬೆಳೆ ಏಳದೆ, ರಂಜಕ ಮತ್ತು ಸತುವಿನ ಕೊರತೆ ತೋರಿಸುತ್ತಿತ್ತು. ಬೇರಿಲ್ಲದೆ ಮೈಕೋರೈಜಾ ಕ್ಷೀಣಿಸಿದ್ದೇ ಕಾರಣ ಎಂದು 1987ರಲ್ಲಿ ಅಲ್ಲಿನ ವಿಜ್ಞಾನಿ ಥಾಂಪ್ಸನ್ ಪ್ರಕಟಿಸಿದರು. ಗದಗ, ನರಗುಂದ, ನವಲಗುಂದದ ಕಡೆ ಮುಂಗಾರು ಪೂರ್ತಿ ಹೊಲ ಹರಗಿ ಬರಿದಾಗಿಟ್ಟು ಹಿಂಗಾರಿ ಬಿತ್ತುವವರು ಇದನ್ನು ಗಮನಿಸಬೇಕು. ಮಳೆ ಅನುಕೂಲವಿದ್ದ ವರ್ಷ ಮುಂಗಾರಿಗೆ ಹೆಸರು ಹಾಕಿದರೆ ಕಾಳೂ ಸಿಗುತ್ತದೆ, ಶಿಲೀಂಧ್ರವೂ ಉಳಿಯುತ್ತದೆ. ಎಲೆಕೋಸು, ಸಾಸಿವೆ, ರಾಜಗಿರಿ, ಪಾಲಕ್‌ಗಳ ಬೇರಿನಲ್ಲಿ ಮಾತ್ರ ಇದು ನೆಲೆಸುವುದಿಲ್ಲ. ಅವುಗಳ ಹಿಂದೆಯೇ ಉಳ್ಳಾಗಡ್ಡಿ ಹಾಕಬೇಡಿ.

ಈಗ ನಿಂತ ಬೆಳೆಗೆ ಏನು ಮಾಡುವುದು? ಬುಡಕ್ಕೆ ಇನ್ನೇನನ್ನೂ ಸುರಿಯಬೇಡಿ. ಬೇರು ತರಲಾರದ್ದನ್ನು ಎಲೆಯ ಮೂಲಕ ಕೊಡಿ: ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎಲೆ ಸುಡದಿರಲು 2.5 ಗ್ರಾಂ ಸೋಸಿದ ಸುಣ್ಣ ಬೆರೆಸಿ, ಹದಿನೈದು ದಿನದ ಅಂತರದಲ್ಲಿ ಎರಡು ಸಲ ಸಿಂಪಡಿಸಿ. ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಬೇರೆ ದಿನ ಕೊಡಿ, ಸತುವಿನೊಂದಿಗೆ ಕಲಸಬೇಡಿ. ಎಡೆ ಹೊಡೆಯುವಾಗ ಕುಂಟೆಯನ್ನು ಆಳಕ್ಕೆ ಇಳಿಸಬೇಡಿ, ಇದ್ದಬದ್ದ ಎಳೆಗಳು ಹರಿಯುತ್ತವೆ. ಬದುವಿನ ಹುಲ್ಲು, ಸುತ್ತಲಿನ ಜೋಳದ ಬೇರುಗಳಿಂದ ಶಿಲೀಂಧ್ರ ಮೆಲ್ಲಗೆ ಮರಳಿ ಬರುತ್ತದೆ. ಬದುವನ್ನು ಕಳೆನಾಶಕ ಹೊಡೆದು ಬೋಳಿಸಬೇಡಿ ಎಂದು ನಾನು ಕೈಮುಗಿದು ಕೇಳುವುದು ಇದಕ್ಕೇ.

ಮುಂದಿನ ವರ್ಷದ ಮೈಕೋರೈಜಾವನ್ನು ನೀವೇ ಬೆಳೆಸಿಕೊಳ್ಳಬಹುದು. ಪ್ಲಾಸ್ಟಿಕ್ ಹಾಳೆ ಹಾಸಿದ ಸಣ್ಣ ಗುಂಡಿಯಲ್ಲಿ ಮಸಾರಿ ಮಣ್ಣು ಮತ್ತು ಮರಳು ತುಂಬಿ, ಮಧ್ಯದಲ್ಲಿ ನಂಬಿಕೆಯ ಮೂಲದಿಂದ ತಂದ ವ್ಯಾಮ್ ಪದರ ಹರಡಿ, ಮೇಲೆ ಗೋವಿನಜೋಳ ಅಥವಾ ಜೋಳ ಬಿತ್ತಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮಣ್ಣು ಪರೀಕ್ಷೆಗೂ ಅಲ್ಲಿಗೇ ಹೋಗಿ. ಎರಡು ಮೂರು ತಿಂಗಳ ಬಳಿಕ ನೀರು ನಿಲ್ಲಿಸಿ, ದಂಟು ಕೊಯ್ದು, ಬೇರನ್ನು ಸಣ್ಣಗೆ ಕತ್ತರಿಸಿ ಅದೇ ಮಣ್ಣಿನಲ್ಲಿ ಕಲಸಿ ನೆರಳಿನಲ್ಲಿಡಿ. ರೋಗ ಬಿದ್ದ ಹೊಲದ ಮಣ್ಣನ್ನು ಗುಂಡಿಗೆ ತರಬೇಡಿ, ಜಂತುಹುಳುವೂ ಜೊತೆಗೆ ಬೆಳೆಯುತ್ತದೆ. ಇದನ್ನು ಹೊಲಕ್ಕೆ ಎರಚಬೇಕಾಗಿಲ್ಲ. ಮೆಣಸಿನ ಸಸಿಮಡಿಯಲ್ಲಿ ಬೀಜದ ಕೆಳಗೆ ತೆಳುವಾದ ಪದರವಾಗಿ ಹಾಕಿದರೆ ಸಾಕು, ಮೊದಲ ಬೇರೇ ಅದನ್ನು ದಾಟಿ ಇಳಿಯುತ್ತದೆ. ಸಸಿ ಸಾಯುವ ರೋಗ ಕಂಡರೆ ಅಲ್ಲಿ ಕಾರ್ಬೆಂಡಜಿಮ್ ಬದಲು ಮೆಟಲಾಕ್ಸಿಲ್ ಕೇಳಿ. ಹೊಲದಲ್ಲಿ ಶಿಲೀಂಧ್ರನಾಶಕ ಸುರಿಯಲೇಬೇಕಾಗಿ ಬಂದರೆ ಅದಕ್ಕೂ ಮೈಕೋರೈಜಾಕ್ಕೂ ನಡುವೆ ಕನಿಷ್ಠ ಮೂರು ನಾಲ್ಕು ವಾರ ಬಿಡಿ. ಡಿಎಪಿಯನ್ನು ಮಣ್ಣು ಪರೀಕ್ಷೆಯ ಚೀಟಿ ನೋಡಿ ಹಾಕಿ, ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಅನ್ನು ಡಿಎಪಿಯೊಂದಿಗೆ ಬೆರೆಸದೆ ಬೇರೆಯಾಗಿ ಮಣ್ಣಿಗೆ ಕೊಡಿ.

ಕುಂಡದ ಪರೀಕ್ಷೆಯಲ್ಲಿ ಕಡಲೆ ಚೆನ್ನಾಗಿ ನಿಂತರೆ ಬಿತ್ತಿ. ಬೀಜೋಪಚಾರಕ್ಕೆ ಟ್ರೈಕೋಡರ್ಮಾ ಮತ್ತು ಸಾರಜನಕ ಹಿಡಿದಿಡುವ ಬ್ಯಾಕ್ಟೀರಿಯಾ ರೈಜೋಬಿಯಂ ಸಾಕು. ರಾಸಾಯನಿಕ ಹಚ್ಚಲೇಬೇಕೆಂದರೆ ಟ್ರೈಕೋಡರ್ಮಾ ಬಿಡಿ. ಮೊದಲು ಶಿಲೀಂಧ್ರನಾಶಕ, ಅದು ಆರಿದ ಮೇಲೆ ಕೀಟನಾಶಕ, ಎಲ್ಲಕ್ಕಿಂತ ಕೊನೆಗೆ ರೈಜೋಬಿಯಂ ಹಚ್ಚಿ. ರೈಜೋಬಿಯಂ ಅನ್ನು ಮಾತ್ರ ಎರಡು ಪಟ್ಟು ಹಾಕಿ, ನೆರಳಿನಲ್ಲಿ ಆರಿಸಿ, ಅದೇ ದಿನ ಕೂರಿಗೆಗೆ ಹಾಕಿ.